ಜಾರದ ನೆಲ, ಜಾರುವ ಪೆಡಲು

ಲಾರ್ನೆಗೆಮ್‌ನಲ್ಲಿ ತನ್ನಷ್ಟು ವೇಗವಾಗಿ ಕಾರು ಓಡಿಸುವವರು ಇನ್ನೊಬ್ಬರಿಲ್ಲ ಎಂಬುದು ಜೀನೋ ವೆರ್‌ಹೂಸ್ಟ್‌ಗೆ ಖಾತ್ರಿಯಿತ್ತು. ಊರಿನ ಉಳಿದವರಿಗೆ ಅದಿನ್ನೂ ಗೊತ್ತಾಗಿರಲಿಲ್ಲ, ಅಷ್ಟೆ.

ಕಾರು ಎಂದರೆ ಬೀದಿಯಲ್ಲಿ ಓಡುವ ಕಾರಲ್ಲ. ಬೀದಿಯಲ್ಲಿ ಅವನು ಸಿಮೆಂಟ್ ಚೀಲ ತುಂಬಿದ ಹಳೆಯ ವ್ಯಾನನ್ನು, ಅಡ್ಡ ಬಂದ ಬಾತುಕೋಳಿಗೂ ದಾರಿ ಬಿಟ್ಟು, ಮೆಲ್ಲಗೆ ಓಡಿಸುತ್ತಿದ್ದ. ಅವನ ಪ್ರತಾಪವೆಲ್ಲ ಬುಧವಾರ ಸಂಜೆ ಏಳೂವರೆಗೆ. ಆ ಹೊತ್ತಿಗೆ ಊರಿನ ಎಂಟು ಜನ ತಂತಮ್ಮ ಮನೆಯಲ್ಲಿ ಪರದೆಯ ಮುಂದೆ ಕೂತು, ತಲೆಗೆ ಹೆಡ್‌ಫೋನ್ ಏರಿಸಿ, ಕೈಯಲ್ಲಿ ಸ್ಟೀರಿಂಗ್ ಹಿಡಿದು, ಕಾಲಡಿಗೆ ಪೆಡಲ್ ಇಟ್ಟುಕೊಂಡು, ಕಂಪ್ಯೂಟರಿನೊಳಗಿನ ಆರ್ಡೆನ್ ಬೆಟ್ಟದ ರಸ್ತೆಯಲ್ಲಿ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುತ್ತಿದ್ದರು. ಬೇಕರಿಯ ಕುರ್ತ್ ಇದ್ದ. ಯೋಲಾಂದಾ ಇದ್ದಳು. ಯೋಲಾಂದಾಳಿಗೆ ಅರವತ್ತೊಂದು ವರ್ಷ. ಮೂವತ್ತು ವರ್ಷದಿಂದ ಶಾಲೆಯ ಬಸ್ಸು ಓಡಿಸುವವಳು. ಬಸ್ಸಿನಲ್ಲಿ ಗಂಟೆಗೆ ಐವತ್ತು ಕಿಲೋಮೀಟರ್ ದಾಟದ ಈ ಹೆಂಗಸು ಬುಧವಾರ ಎಲ್ಲರನ್ನೂ ಹಿಂದೆ ಹಾಕಿ, ಗೆದ್ದ ಮೇಲೆ “ಸರಿ ಕಣ್ರಪ್ಪಾ, ನನ್ನ ಸೂಪು ಆರ್ತಿದೆ” ಎಂದು ಎದ್ದುಹೋಗುತ್ತಿದ್ದಳು.

ಜೀನೋ ಎಂಟನೆಯವನಾಗಿ ಬರುತ್ತಿದ್ದ. ಕುರ್ತ್‌ನ ಹಿಟ್ಟು ಉಕ್ಕಿ ಅವನು ನಡುವೆಯೇ ಎದ್ದು ಓಡಿದ ದಿನ ಏಳನೆಯವನು.

ಇದಕ್ಕೆಲ್ಲ ಕಾರಣ ಪೆಡಲು. ಹಿಂದಿನ ಚಳಿಗಾಲದಲ್ಲಿ ಜೀನೋ ಹೊಸ ಪೆಡಲ್ ತರಿಸಿದ್ದ. ಹಳೆಯದು ಆಟದ ಸಾಮಾನಿನಂತೆ ಮೆತ್ತಗಿತ್ತು. ಹೊಸದರ ಬ್ರೇಕು ನಿಜವಾದ ರೇಸ್ ಕಾರಿನಷ್ಟೇ ಬಿಗಿ. ಅರವತ್ತು ಕಿಲೋ ಭಾರ ಹೇರಿದ ಹಾಗೆ ಒದ್ದರೆ ಮಾತ್ರ ಪೂರ್ತಿ ಹಿಡಿಯುತ್ತದೆ. ಜೀನೋ ಒದೆಯುತ್ತಿದ್ದ. ಒದ್ದ ಕ್ಷಣ ಪೆಡಲಿನ ಹಲಗೆ ಮುಂದಕ್ಕೆ ಗೋಡೆಯ ಕಡೆಗೆ ಹೋಗುತ್ತಿತ್ತು, ಚಕ್ರದ ಕುರ್ಚಿ ಹಿಂದಕ್ಕೆ ಅಡುಗೆಮನೆಯ ಕಡೆಗೆ ಹೋಗುತ್ತಿತ್ತು, ಜೀನೋ ಇವೆರಡರ ನಡುವೆ ಬಟ್ಟೆ ಒಣಗಿಸುವ ಹಗ್ಗದಂತೆ ಚಾಚಿಕೊಂಡಿರುತ್ತಿದ್ದ. ಪರದೆಯೊಳಗಿನ ಕಾರು ಮೊದಲ ತಿರುವಿನಲ್ಲೇ ನೆಟ್ಟಗೆ ಹೋಗಿ ತಡೆಗೋಡೆಗೆ ಮುತ್ತಿಡುತ್ತಿತ್ತು.

“ನೆಲ ಕಣ್ರೋ! ನೆಲ!” ಎಂದು ಅವನು ಹೆಡ್‌ಫೋನಿನಲ್ಲಿ ಕಿರುಚುತ್ತಿದ್ದ. “ಬೆಣ್ಣೆ ಸವರಿದ ಹಾಗಿದೆ! ಇದರ ಮೇಲೆ ದೇವರು ಬಂದು ಬ್ರೇಕ್ ಹಾಕಿದ್ರೂ ನಿಲ್ಲಲ್ಲ!”

ಕುಣಿಯಲಾರದವರು ನೆಲ ಡೊಂಕು ಎನ್ನುವುದು ಲೋಕದಲ್ಲಿ ಇದ್ದದ್ದೇ. ಆದರೆ ಇಲ್ಲೊಂದು ತೊಡಕಿತ್ತು. ಆ ನೆಲ ಹಾಕಿದವನು ಜೀನೋ. ಅಂಥ ನೆಲ ಮಾರಿಯೇ ಅವನು ಹೊಟ್ಟೆ ಹೊರೆಯುತ್ತಿದ್ದದ್ದು.

‘ವೆರ್‌ಹೂಸ್ಟ್ ಪಾಲಿಶ್ ಕಾಂಕ್ರೀಟ್’ ಎಂದರೆ ಸುತ್ತಲಿನ ಹತ್ತು ಊರಿಗೂ ಗೊತ್ತು. ಕಾಂಕ್ರೀಟ್ ಹಾಸಿ, ಉಜ್ಜಿ, ಮತ್ತೆ ಉಜ್ಜಿ, ಕೆರೆಯ ನೀರಿನಂತೆ ಮಾಡಿ ಕೊಡುತ್ತಿದ್ದ. ಬೇರೆ ಅಂಗಡಿಯೇ ಬೇಡ ಎಂದು ಮನೆಯ ಕೆಳಗಿನ ಹಜಾರವನ್ನೇ ಮಾದರಿಯಾಗಿ ಇಟ್ಟಿದ್ದ. ಅವನ ಆಟದ ಪರದೆಯೂ ಪೆಡಲೂ ಅಲ್ಲೇ ಇದ್ದವು. ಬಂದ ಗಿರಾಕಿಗಳಿಗೆ ಹೆಂಡತಿ ಲೀವೆ ಕಾಫಿ, ಮಸಾಲೆ ಬಿಸ್ಕತ್ತು ಕೊಡುತ್ತಿದ್ದಳು. ಜೀನೋ ಷೂ ಉಜ್ಜಿ ತೋರಿಸುತ್ತಿದ್ದ. “ನೋಡಿ ಸ್ವಾಮಿ, ನೋಡೋಕೆ ಕನ್ನಡಿ, ಕಾಲಿಗೆ ಅಯಸ್ಕಾಂತ! ನನ್ನ ನೆಲದ ಮೇಲೆ ಜಾರಿ ಬಿದ್ದವರು ಇನ್ನೂ ಹುಟ್ಟಿಲ್ಲ.” ಹೀಗೆ ಹಗಲೆಲ್ಲ ಜಾರದಿದ್ದ ನೆಲ ಬುಧವಾರ ಏಳೂವರೆಗೆ ಸರಿಯಾಗಿ ಜಾರಲು ಶುರುಮಾಡುತ್ತಿತ್ತು.

ಪೆಡಲ್ ನಿಲ್ಲಿಸಲು ಅವನು ಪಟ್ಟ ಪಾಡು ಒಂದೆರಡಲ್ಲ. ಮೊದಲು ಎರಡೂ ಕಡೆ ಅಂಟಿರುವ ಟೇಪು ಹಾಕಿದ. ಮೂರನೇ ಸುತ್ತಿನವರೆಗೆ ಹಿಡಿದುಕೊಂಡಿತು, ಆಮೇಲೆ ಟೇಪು ನೆಲದಲ್ಲೇ ಉಳಿದು ಪೆಡಲು ತನ್ನ ದಾರಿ ಹಿಡಿಯಿತು. ಟೇಪಿನ ಅಂಟು ತೆಗೆಯಲು ಲೀವೆ ಒಂದು ಭಾನುವಾರ ಪೂರ್ತಿ ಮಂಡಿಯೂರಿದಳು. ಆಮೇಲೆ ಲೀವೆಯ ಯೋಗದ ಚಾಪೆ ಬಂತು. ಪೆಡಲು ಚಾಪೆಯನ್ನು ಅಪ್ಪಿಕೊಂಡಿತು. ಚಾಪೆಯೇ ಪೆಡಲನ್ನು ಹೊತ್ತುಕೊಂಡು ಗೋಡೆಗೆ ಹೋಯಿತು. ಗಾಜಿನ ಹಲಗೆ ಎತ್ತುವ ರಬ್ಬರ್ ಬಟ್ಟಲುಗಳನ್ನು ನೆಲಕ್ಕೆ ಕಚ್ಚಿಸಿ ಪೆಡಲಿನ ಮುಂದೆ ನಿಲ್ಲಿಸಿದ. ಅವು ಅದ್ಭುತವಾಗಿ ಕಚ್ಚಿದವು. ನಾಲ್ಕನೇ ತಿರುವಿನಲ್ಲಿ ‘ಟಪ್’ ಎಂದು ಒಂದು ಬಿಟ್ಟುಕೊಂಡು ಹಾರಿ, ಷೋಕೇಸಿನಲ್ಲಿದ್ದ ಲೀವೆಯ ಅಜ್ಜಿಯ ಪಿಂಗಾಣಿ ಸೂಪು ಪಾತ್ರೆಯ ಕಿವಿ ಮುರಿಯಿತು. ಕಡೆಗೆ ಪೆಡಲಿನ ಮುಂದೆ ಎರಡು ಸಿಮೆಂಟ್ ಚೀಲ ಹೇರಿದ. ಅವೂ ಸರಿದವು, ಹೋಗುತ್ತಾ ನೆಲದುದ್ದ ಬೂದಿ ಬಣ್ಣದ ಗೆರೆ ಎಳೆದುಕೊಂಡು ಹೋದವು.

ಲೀವೆ ಇದನ್ನೆಲ್ಲ ಕಾಫಿ ಕುಡಿಯುತ್ತಾ ನೋಡಿದಳು. ಒಂದು ದಿನ ವ್ಯಾನಿನಲ್ಲಿ ಸಾಮಾನು ಬಿಗಿಯುವ ಪಟ್ಟಿ ತಂದು ಮೇಜಿನ ಮೇಲಿಟ್ಟಳು.

“ಕುರ್ಚಿ ಕಾಲಿಗೊಂದು ಸುತ್ತು, ಪೆಡಲ್ ಹಲಗೆಗೊಂದು ಸುತ್ತು. ಬಿಗಿದು ಬಿಡು.”

“ಅದರಿಂದ ಏನಾಗತ್ತೆ?”

“ನೀನು ಪೆಡಲನ್ನ ಮುಂದಕ್ಕೆ ತಳ್ತೀಯ, ಕುರ್ಚಿ ಹಿಂದಕ್ಕೆ ಹೋಗತ್ತೆ. ಎರಡನ್ನೂ ಒಂದಕ್ಕೊಂದು ಗಂಟು ಹಾಕಿದ್ರೆ ಅವು ತಮ್ಮತಮ್ಮಲ್ಲೇ ಜಗಳ ಆಡ್ಕೊಂಡು ಅಲ್ಲೇ ಇರ್ತವೆ. ನೆಲದ ತಂಟೆಗೆ ಬರಲ್ಲ. ನಾವಿಬ್ಬರು ಇಲ್ವಾ, ಇಪ್ಪತ್ತಾರು ವರ್ಷದಿಂದ?”

ಜೀನೋ ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಇಟ್ಟ. “ರೇಸ್ ಅಂದ್ರೆ ನೀನು ಕೂಸಿನ ತಳ್ಳುಗಾಡಿ ಅನ್ಕೊಂಡಿದ್ದೀಯಾ, ಹಗ್ಗ ಕಟ್ಟಿಕೊಂಡು ಕೂರೋಕೆ?”

“ಕಟ್ಟಬೇಡ. ಜಾರೋದು ನಿಂತುಹೋದ್ರೆ ಆಮೇಲೆ ನಿಂಗೇ ಕಷ್ಟ,” ಎಂದಳು ಲೀವೆ.

ಈ ಮಾತಿನ ಅರ್ಥವೇನೆಂದು ಜೀನೋ ಕೇಳಲಿಲ್ಲ. ಕೇಳದೇ ಇರುವುದರಲ್ಲಿ ಅವನು ಪಳಗಿದವನು.

ಮೇ ತಿಂಗಳಲ್ಲಿ ಊರಿನ ವೃದ್ಧಾಶ್ರಮದವರು ಊಟದ ಹಾಲಿಗೆ ಹೊಸ ನೆಲ ಹಾಕಿಸಬೇಕೆಂದು ಹೊರಟರು. ಅದರ ಪಕ್ಕದ ಪಡಸಾಲೆಗಳನ್ನೂ ಸೇರಿಸಿದರೆ ಜೀನೋಗೆ ಬೇಸಿಗೆ ಪೂರ್ತಿ ಕೆಲಸ. ತೀರ್ಮಾನ ಮಾಡಲು ಮೂರು ಜನರ ಸಮಿತಿ: ಅಧ್ಯಕ್ಷರು, ಕೆಲಸದಿಂದ ನಿವೃತ್ತರಾದ ದನದ ಡಾಕ್ಟರು ದೆಪೌ; ಎರಡನೆಯವಳು ಆಶ್ರಮದ ಮುಖ್ಯ ನರ್ಸ್ ಇಂಗೆಬೋರ್; ಮೂರನೆಯವಳು ಯೋಲಾಂದಾ. ಶಾಲೆಯ ಬಸ್ಸಿನ ಕೆಲಸ ಮುಗಿದ ಮೇಲೆ ಆಶ್ರಮದ ಮುದುಕರನ್ನು ವ್ಯಾನಿನಲ್ಲಿ ಆಸ್ಪತ್ರೆಗೆ, ಸಂತೆಗೆ ಕರೆದೊಯ್ಯುವವಳು ಅವಳೇ.

ಸಭೆ ಇದ್ದದ್ದು ಗುರುವಾರ. ಅದರ ಹಿಂದಿನ ದಿನ ಯಾವ ವಾರ ಎಂದು ಜೀನೋಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬುಧವಾರ ಅವನು ಮೊದಲ ತಿರುವಿನಲ್ಲಿ ತಡೆಗೋಡೆಗೆ, ಎರಡನೇ ಸುತ್ತಿನಲ್ಲಿ ಕುರ್ತ್‌ನ ಹಿಂಬದಿಗೆ, ಕಡೆಯ ಸುತ್ತಿನಲ್ಲಿ ಮತ್ತೆ ತಡೆಗೋಡೆಗೆ ಗುದ್ದಿ, ಏಳೂ ಜನರ ಕಿವಿ ಕಿತ್ತುಹೋಗುವಂತೆ ಕೂಗಿದ್ದ: “ಸಾಬೂನು ಕಣ್ರೋ! ಬರೀ ಸಾಬೂನು! ಈ ನೆಲದ ಮೇಲೆ ಒಂದು ನಾಯಿ ಕೂಡ ನೆಟ್ಟಗೆ ನಿಲ್ಲಲ್ಲ!”

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಇಸ್ತ್ರಿ ಅಂಗಿ ಹಾಕಿಕೊಂಡು, ಕಂಕುಳಲ್ಲಿ ಕಾಂಕ್ರೀಟಿನ ಮಾದರಿ ಹಲಗೆ ಇಟ್ಟುಕೊಂಡು ಆಶ್ರಮಕ್ಕೆ ಹೋದ. ಲೀವೆ ಕಾಗದಪತ್ರ ಹಿಡಿದು ಜೊತೆಗಿದ್ದಳು. ಜೀನೋ ಹಲಗೆಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಅಂಗೈ ಒತ್ತಿದ.

“ಕಾಲಿಗೆ ಅಯಸ್ಕಾಂತ ಇದ್ದ ಹಾಗೆ ಡಾಕ್ಟ್ರೇ. ಎಂಬತ್ತು ವರ್ಷದವರು ಸಾಕ್ಸ್ ಹಾಕ್ಕೊಂಡು ಕುಣೀಬಹುದು.”

ಇಂಗೆಬೋರ್ ತಲೆದೂಗಿದಳು. ದೆಪೌ ಕನ್ನಡಕ ಏರಿಸಿ ಹಲಗೆಯನ್ನು, ರೋಗ ಹಿಡಿದ ಗೊರಸು ನೋಡುವ ಹಾಗೆ, ತಿರುಗಿಸಿ ನೋಡಿದರು. ಆಗ ಯೋಲಾಂದಾ ಕೇಳಿದಳು:

“ಜೀನೋ, ಇದು ನಿನ್ನ ಹಜಾರದಲ್ಲಿರೋ ನೆಲಾನೇ ತಾನೆ?”

“ಅದೇ. ತದ್ರೂಪ.”

“ಹಾಗಾದ್ರೆ ನಿನ್ನೆ ಸಂಜೆ ಅದು ಸಾಬೂನಾಗಿತ್ತಲ್ಲ?”

ಜೀನೋನ ಅಂಗೈ ಹಲಗೆಯ ಮೇಲೆಯೇ ಉಳಿಯಿತು.

“ನಾಯಿ ಕೂಡ ನಿಲ್ಲಲ್ಲ ಅಂದೆ. ನಾಯಿಗೆ ನಾಲ್ಕು ಕಾಲು. ನಮ್ಮ ಆಶ್ರಮದ ಒಮೇರ್ ಅಜ್ಜನಿಗೆ ಇರೋದು ಒಂದೂವರೆ,” ಎಂದಳು ಯೋಲಾಂದಾ. ಅವಳ ಮುಖದಲ್ಲಿ ನಗುವಿರಲಿಲ್ಲ, ಅದೇ ಕಷ್ಟವಾಗಿದ್ದು.

“ಅದು… ಅದು ಪೆಡಲಿನ ವಿಷಯ,” ಎಂದ ಜೀನೋ. “ಪೆಡಲಿಗೆ ಜಾರತ್ತೆ. ಕಾಲಿಗೆ ಜಾರಲ್ಲ. ವಿಜ್ಞಾನದ ವಿಷಯ ಇದು.”

“ಯಾವ ಪೆಡಲು?” ಎಂದು ದೆಪೌ ಕೇಳಿದರು.

ವಿವರಿಸಬೇಕಾಯಿತು. ಐವತ್ತಮೂರು ವರ್ಷದ ಗಂಡಸು ಬುಧವಾರ ಸಂಜೆ ಏನು ಮಾಡುತ್ತಾನೆ ಎಂಬುದನ್ನು ದನದ ಡಾಕ್ಟರಿಗೂ ಮುಖ್ಯ ನರ್ಸಿಗೂ ಮೊದಲಿಂದ ಹೇಳುವುದು ಸುಖದ ಕೆಲಸವಲ್ಲ. ದೆಪೌ ಪೂರ್ತಿ ಕೇಳಿದರು. ನಾಲ್ಕು ದಶಕ ಹಸುಗಳ ಹೊಟ್ಟೆಯೊಳಗೆ ಕೈ ಹಾಕಿದ ಮನುಷ್ಯ. ಕಣ್ಣಾರೆ ಕಾಣದೆ ಯಾವುದನ್ನೂ ನಂಬುವವರಲ್ಲ.

“ಶನಿವಾರ ಬೆಳಿಗ್ಗೆ ನಿಮ್ಮ ಮನೆಗೆ ಬರ್ತೀವಿ,” ಎಂದರು. “ನೆಲ ನೋಡ್ತೀವಿ. ಆ ಪೆಡಲನ್ನೂ ನೋಡ್ತೀವಿ.”

ವಾಪಸು ಬರುವಾಗ ವ್ಯಾನಿನಲ್ಲಿ ಜೀನೋ ಬಾಯಿ ಮುಚ್ಚಲಿಲ್ಲ. ಯೋಲಾಂದಾ ವಿಷ, ಯೋಲಾಂದಾಗೆ ಹೊಟ್ಟೆಕಿಚ್ಚು, ಯೋಲಾಂದಾ ಹುಟ್ಟಿದಾಗಿಂದ ಹಾಗೆಯೇ. ಲೀವೆ ಕಿಟಕಿಯ ಹೊರಗೆ ಪಾಪ್ಲರ್ ಮರಗಳನ್ನು ನೋಡುತ್ತಿದ್ದವಳು, ಚರ್ಚಿನ ಹತ್ತಿರ ಬಂದಾಗ ಹೇಳಿದಳು: “ಈಗ ನೀನು ಎರಡರಲ್ಲಿ ಒಂದನ್ನ ಆರಿಸ್ಕೋಬೇಕು. ನೆಲ ಜಾರತ್ತೆ ಅಂದ್ರೆ ಕೆಲಸ ಹೋಗತ್ತೆ. ಜಾರಲ್ಲ ಅಂದ್ರೆ ನಿಂಗೆ ಓಡ್ಸೋಕೆ ಬರಲ್ಲ ಅಂತ ಆಗತ್ತೆ.”

“ಮೂರನೇದೂ ಒಂದಿರತ್ತೆ,” ಎಂದ ಜೀನೋ.

“ಹೇಳು ನೋಡೋಣ.”

ಜೀನೋ ಗೇರು ಬದಲಿಸಿದ.

ಶುಕ್ರವಾರ ಅವನೇ ಬಾಯಿಬಿಟ್ಟು ಆ ಪಟ್ಟಿ ಎಲ್ಲಿ ಎಂದು ಕೇಳಿದ. ಲೀವೆ ಪಟ್ಟಿ ಹಿಡಿದು ಬಂದು, ಕುರ್ಚಿಯ ಕಂಬಕ್ಕೆ ಒಂದು ಸುತ್ತು ತಂದು, ಪೆಡಲಿನ ಹಲಗೆಯ ಹಿಂದಿನಿಂದ ಹಾಯಿಸಿ, ಹಿಡಿಕೆಯನ್ನು ಕಟಕಟ ಎಂದು ಬಿಗಿದಳು. “ಒದಿ,” ಎಂದಳು. ಜೀನೋ ಒದ್ದ. ಪಟ್ಟಿ ವೀಣೆಯ ತಂತಿಯ ಹಾಗೆ ಮಿಡಿಯಿತು. ಕುರ್ಚಿ ಅಲ್ಲಾಡಲಿಲ್ಲ. ಪೆಡಲು ಅಲ್ಲಾಡಲಿಲ್ಲ. ಎರಡು ಕೈಯಿಂದ ಮೇಜು ಹಿಡಿದು ಮೈಭಾರವನ್ನೆಲ್ಲ ಹಾಕಿ ಒದ್ದ. ಊಹೂಂ. ಐದು ತಿಂಗಳ ಗೋಳು ಎರಡು ನಿಮಿಷದಲ್ಲಿ ಮುಗಿದುಹೋಗಿತ್ತು. ಇದರಿಂದ ಅವನಿಗೆ ಸಂತೋಷವಾಗಬೇಕಿತ್ತು. ಯಾಕೋ ಆಗಲಿಲ್ಲ.

ಶನಿವಾರ ಮೂವರೂ ಬಂದರು. ಲೀವೆ ಅಕ್ಕಿ ಟಾರ್ಟ್ ಎಂಬ ಸಿಹಿ ಮಾಡಿಟ್ಟಿದ್ದಳು. ಆದರೆ ಇಂಗೆಬೋರ್ ಟಾರ್ಟಿಗೆ ಬಂದವಳಲ್ಲ. ಕೋಟು ಬಿಚ್ಚಿ, ಷೂ ಕಳಚಿ, ಬರೀ ಕಾಲುಚೀಲದಲ್ಲಿ ಹಜಾರದ ಉದ್ದಕ್ಕೂ ನಡೆದಳು. ತಿರುಗಿ ಬಂದಳು. ನೆಲಕ್ಕೆ ಒಂದು ಲೋಟ ನೀರು ಸುರಿದು, ಚೀಲದಿಂದ ಆಶ್ರಮದ ರಬ್ಬರ್ ಚಪ್ಪಲಿ ತೆಗೆದು ಮೆಟ್ಟಿ, ಅದರ ಮೇಲೂ ನಡೆದಳು. ಮುದುಕರು ಹಿಡಿದು ನಡೆಯುವ ಚೌಕಟ್ಟನ್ನೂ ತಂದಿದ್ದಳು. ಅದನ್ನು ನೀರಿನಲ್ಲಿ ನಿಲ್ಲಿಸಿ ಓರೆಯಾಗಿ ಒರಗಿದಳು. ಚೌಕಟ್ಟು ನಿಂತಿತು.

“ಚೆನ್ನಾಗಿದೆ,” ಎಂದಳು. ಇಂಗೆಬೋರ್ ಬಾಯಲ್ಲಿ ಅದು ದೊಡ್ಡ ಮಾತು.

“ಇನ್ನು ಪೆಡಲು,” ಎಂದರು ದೆಪೌ.

ಅದನ್ನು ಲೀವೆಯೇ ತೋರಿಸಿದಳು. ಮೊದಲು ಪಟ್ಟಿ ಬಿಚ್ಚಿ, ಗಂಡನನ್ನು ಕೂರಿಸಿ, ಒದೆಯಲು ಹೇಳಿದಳು. ಪೆಡಲು ಗೋಡೆಗೆ, ಜೀನೋ ಅಡುಗೆಮನೆಯ ಬಾಗಿಲಿಗೆ. ಅಲ್ಲಿಂದಲೇ ಅವನು ಕೈಯೆತ್ತಿ “ನೋಡಿದ್ರಾ!” ಎಂದ.

“ಇದರ ಕೆಳಗೆ ಗಟ್ಟಿ ಪ್ಲಾಸ್ಟಿಕ್ಕಿದೆ ಡಾಕ್ಟ್ರೇ. ಕುರ್ಚಿಗೆ ಚಕ್ರ,” ಎಂದಳು ಲೀವೆ. “ಗಟ್ಟಿ ಪ್ಲಾಸ್ಟಿಕ್ಕು ಮೆಟ್ಟಿಕೊಂಡು, ಚಕ್ರದ ಕುರ್ಚಿ ಮೇಲೆ ಕೂತು, ಗೋಡೆಗೆ ಅರವತ್ತು ಕಿಲೋ ಒದೆಯೋ ಮುದುಕರು ನಿಮ್ಮಲ್ಲಿದ್ರೆ ಹೇಳಿ, ಅವರಿಗೆ ಬೇರೆ ನೆಲ ನೋಡೋಣ.” ಎಂದವಳು ಪಟ್ಟಿ ಬಿಗಿದು, “ಈಗ ಒದಿ” ಎಂದಳು. ಪೆಡಲು ಬಂಡೆಯಾಯಿತು.

ದೆಪೌ ಮಂಡಿಯೂರಿ ಪಟ್ಟಿಯನ್ನು ಬೆರಳಿನಿಂದ ಮೀಟಿದರು. ಹಸು ಹೆರುವಾಗ ಕರುವನ್ನು ಎಳೆಯಲು ನಾವೂ ಕಾಲನ್ನು ಹಸುವಿನ ಹಿಂಬದಿಗೇ ಊರಿ ಎಳೆಯುತ್ತಿದ್ದೆವು, ಕೊಟ್ಟಿಗೆಯ ಜಾರುವ ನೆಲದಲ್ಲಿ ಅದೇ ಉಪಾಯ, ಎಂದು ಬಹಳ ಮೆಚ್ಚಿ ಹೇಳಿದರು. “ಅಂದ್ರೆ ನೆಲದ ತಪ್ಪೇನಿಲ್ಲ?”

“ನೆಲದ ತಪ್ಪು ಯಾವತ್ತೂ ಇರಲಿಲ್ಲ,” ಎಂದಳು ಲೀವೆ.

ದೆಪೌ ಕಡತ ತೆಗೆದರು, ಪೆನ್ನು ತೆಗೆದರು. ಲೀವೆ ಟಾರ್ಟ್ ಕತ್ತರಿಸಲು ಚಾಕು ತಂದಳು. ಅಲ್ಲಿಗೆ ಮುಗಿದಿದ್ದರೆ ಎಲ್ಲರೂ ಟಾರ್ಟ್ ತಿಂದು ಮನೆಗೆ ಹೋಗುತ್ತಿದ್ದರು.

“ಜೀನೋ,” ಎಂದಳು ಯೋಲಾಂದಾ, ಪರದೆಯ ಹತ್ತಿರ ಕುರ್ಚಿ ಎಳೆದುಕೊಂಡು. “ಹೇಗೂ ಈಗ ಜಾರಲ್ವಲ್ಲ, ಒಂದು ಸುತ್ತು ಓಡ್ಸು ನೋಡೋಣ. ಡಾಕ್ಟ್ರಿಗೂ ಗೊತ್ತಾಗ್ಲಿ ಆಟ ಏನು ಅಂತ. ನನ್ನ ಬುಧವಾರದ ಓಟ ಇದರಲ್ಲಿ ಉಳಿದಿದೆಯಲ್ಲ, ಅದನ್ನೇ ಮುಂದೆ ಬಿಡು.”

ಹೌದು, ಆಟದಲ್ಲಿ ಹಾಗೊಂದು ಅನುಕೂಲವಿತ್ತು: ಇನ್ನೊಬ್ಬರು ಹಿಂದೆ ಓಡಿಸಿದ ಸುತ್ತು ಮಂಜಿನಂಥ ಕಾರಾಗಿ ನಿಮ್ಮ ಮುಂದೆ ಓಡುತ್ತದೆ. ಜೀನೋ ಬೇಡ ಎನ್ನಬಹುದಿತ್ತು. ಬೆನ್ನು ನೋವು ಎನ್ನಬಹುದಿತ್ತು. ಆದರೆ ಅವನು ದೆಪೌ ಮುಖ ನೋಡಿದ, ಇಂಗೆಬೋರ್ ಮುಖ ನೋಡಿದ, ನೋಡುವವರಿದ್ದಾರೆ ಎಂದುಕೊಂಡ. ಐದು ತಿಂಗಳಿಂದ ಅವನು ಹೇಳುತ್ತ ಬಂದಿದ್ದ ದಿನ ಇದೇ ಅಲ್ಲವೇ? ಪೆಡಲು ಜಾರದ ದಿನ.

“ನೋಡ್ತಿರು,” ಎಂದು ಕೂತ.

ದೆಪೌ ಜೇಬಿನಿಂದ ಸೀಮೆಸುಣ್ಣ ತೆಗೆದು, ಪರೀಕ್ಷೆ ಅಂದ ಮೇಲೆ ಪರೀಕ್ಷೆ ಎನ್ನುತ್ತಾ, ಪೆಡಲಿನ ಹಲಗೆಯ ಸುತ್ತ ನೆಲದ ಮೇಲೆ ಗೆರೆ ಎಳೆದರು. ಪರದೆಯಲ್ಲಿ ಓಟ ಶುರುಮಾಡಿಸುವ ಕೆಂಪು ದೀಪಗಳು ಆರಿದವು, ಕಾರು ಹೊರಟಿತು. ಮುಂದೆ ಯೋಲಾಂದಾಳ ಮಂಜಿನ ಕಾರು ಭಾನುವಾರ ಚರ್ಚಿಗೆ ಹೋಗುವ ಹಾಗೆ ನಿರಾಳವಾಗಿ ಓಡುತ್ತಿತ್ತು. ಜೀನೋ ಹಲ್ಲು ಕಚ್ಚಿದ. ತಿರುವು ಬಂತು. ಮಂಜಿನ ಕಾರಿನ ಕೆಂಪು ದೀಪ ಹತ್ತಿತು, ಅದು ನಿಧಾನಿಸಿತು, ತಿರುಗಿತು. ಅದನ್ನು ದಾಟಿದ ಆ ಒಂದು ಗಳಿಗೆ ಜೀನೋನ ಜೀವನದಲ್ಲಿ ಅತ್ಯಂತ ಸಿಹಿಯಾದದ್ದು. ಆಮೇಲೆ ಬ್ರೇಕು ಒದ್ದ. ಅರವತ್ತಲ್ಲ, ತೊಂಬತ್ತು ಕಿಲೋ ಒದ್ದ. ಪಟ್ಟಿ ಮಿಡಿಯಿತು, ಕುರ್ಚಿ ನರಳಿತು, ಕಾರು ನೆಟ್ಟಗೆ ಹೋಗಿ ತಡೆಗೋಡೆಗೆ ಗುದ್ದಿ, ಮೇಲೆದ್ದು, ಛಾವಣಿಯ ಮೇಲೆ ಮಲಗಿ ಸುಮ್ಮನಾಯಿತು.

ಪರದೆಯೊಳಗೆ ಒಂದು ಚಕ್ರ ಮಾತ್ರ ತಿರುಗುತ್ತಿತ್ತು.

ದೆಪೌ ಬಗ್ಗಿ ಸೀಮೆಸುಣ್ಣದ ಗೆರೆ ನೋಡಿದರು. ಇಂಗೆಬೋರ್ ನೋಡಿದಳು. ಯೋಲಾಂದಾ ನೋಡಲಿಲ್ಲ, ಅವಳಿಗೆ ಬೇಕಾಗಿರಲಿಲ್ಲ. ಹಲಗೆ ಗೆರೆಯೊಳಗೆ, ತೊಟ್ಟಿಲೊಳಗಿನ ಮಗುವಿನ ಹಾಗೆ, ಇದ್ದಲ್ಲೇ ಇತ್ತು.

“ಒಂದು ಕೂದಲೆಳೆಯಷ್ಟೂ ಅಲ್ಲಾಡಿಲ್ಲ!” ಎಂದರು ದೆಪೌ, ಸಂತೋಷದಿಂದ. “ಭೇಷ್! ಒಳ್ಳೇ ನೆಲ.”

ಜೀನೋಗೆ ಎರಡು ದಾರಿ ಸ್ಪಷ್ಟವಾಗಿ ಕಂಡವು. ಒಂದರಲ್ಲಿ ಬೇಸಿಗೆ ಪೂರ್ತಿ ಕೆಲಸ, ಊಟದ ಹಾಲು, ಪಡಸಾಲೆಗಳು. ಬಾಯಿ ಮುಚ್ಚಿಕೊಂಡರೆ ಸಾಕು. ಇನ್ನೊಂದರಲ್ಲಿ ಓಟಗಾರನ ಮಾನ. ಬಾಯಿ ಮುಚ್ಚಿಕೊಂಡರೆ ಅದು ಹೋಗುತ್ತದೆ: ಯೋಲಾಂದಾ ಬುಧವಾರ ಸಂಜೆ ಏಳೂ ಜನರ ಕಿವಿಯಲ್ಲಿ ಇದನ್ನು ಹೇಳುತ್ತಾಳೆ. ಹೇಳದಿದ್ದರೂ ಅವರಿಗೆ ಗೊತ್ತಾಗುತ್ತದೆ. ಅವನು ನಿಜವಾಗಿಯೂ ಬಾಯಿ ಮುಚ್ಚಿಕೊಂಡಿದ್ದ. ಎಷ್ಟು ಹೊತ್ತು ಎಂದರೆ, ಲೀವೆ ಮೊದಲ ತುಂಡು ಟಾರ್ಟನ್ನು ತಟ್ಟೆಗೆ ಇಡುವವರೆಗೆ.

“ಜಾರ್ತು,” ಎಂದ.

“ಏನಂದ್ರಿ?”

“ಜಾರ್ತು ಅಂದೆ! ನನ್ನ ಕಾಲಿಗೆ ಗೊತ್ತಾಯ್ತು. ಜಾರಿ, ವಾಪಸು ಬಂತು.”

“ವಾಪಸು ಬಂತಾ?” ಎಂದಳು ಇಂಗೆಬೋರ್.

“ಜೀನೋ,” ಎಂದಳು ಲೀವೆ. ಚಾಕು ಅವಳ ಕೈಯಲ್ಲೇ ಇತ್ತು.

“ಏನು ಜೀನೋ? ಇದ್ದದ್ದನ್ನ ಹೇಳಬಾರ್ದಾ? ಇದರ ಮೇಲೆ ಯಾರು ಬ್ರೇಕ್ ಹಾಕಿದ್ರೂ ಇಷ್ಟೇ! ಸಾಬೂನು! ಬೆಣ್ಣೆ! ಈ ನೆಲದ ಮೇಲೆ ಮನುಷ್ಯ ಅನ್ನೋನು ನಿಲ್ಲೋಕಾಗಲ್ಲ!”

ದೆಪೌ ಪೆನ್ನಿನ ಮುಚ್ಚಳ ಹಾಕಿದರು. ನಿಧಾನವಾಗಿ, ಸತ್ತ ಪ್ರಾಣಿಯ ಮೇಲೆ ಗೋಣಿ ಹೊದಿಸುವಂತೆ, ಕಡತ ಮಡಚಿದರು. “ವೆರ್‌ಹೂಸ್ಟ್ ಅವರೇ, ನೆಲ ಹಾಕಿದವರೇ ಹೀಗಂದ ಮೇಲೆ, ನಾಳೆ ಯಾರಾದ್ರೂ ಬಿದ್ದು ಸೊಂಟ ಮುರ್ಕೊಂಡ್ರೆ ನಾನೇನು ಹೇಳ್ಲಿ?” ಎಂದರು. ಟಾರ್ಟನ್ನು ಮಾತ್ರ ಬಿಡಲಿಲ್ಲ. ತಿಂದು, ಚೆನ್ನಾಗಿದೆ ಎಂದು ಲೀವೆಗೆ ಹೇಳಿಯೇ ಹೋದರು.

ಬಾಗಿಲಲ್ಲಿ ಯೋಲಾಂದಾ ಲೀವೆಯ ಮುಖ ನೋಡಿ, ಕೋಟಿನ ಗುಂಡಿ ಹಾಕಿಕೊಂಡು ಹೊರಟುಹೋದಳು. ಅವಳಿಗೂ ಇದು ಇಷ್ಟು ದೂರ ಹೋಗುವುದು ಬೇಕಿರಲಿಲ್ಲ. ಸ್ವಲ್ಪ ದೂರ ಹೋಗಲಿ ಎಂದಷ್ಟೇ ಇತ್ತು.

ಲೀವೆ ಕೂಗಾಡಲಿಲ್ಲ. ಭಾನುವಾರ ಗಂಡನಿಗೆ ಸೂಪು ಬಡಿಸಿದಳು. ಸೋಮವಾರ ಬೆಳಿಗ್ಗೆ ಸೈಕಲ್ ಹತ್ತಿ ದೆಪೌ ಮನೆಗೆ ಹೋದಳು. ಮಧ್ಯಾಹ್ನ ಬಂದು, ಕೋಟು ತೂಗುಹಾಕಿ, ಒಂದು ಬಿಳಿ ಹಾಳೆಯನ್ನು ಜೀನೋನ ಮುಂದಿಟ್ಟಳು.

“ಡಾಕ್ಟ್ರು ಒಪ್ಪಿದ್ರು. ಇಂಗೆಬೋರ್ ‘ನಾನೇ ನಡೆದು ನೋಡಿದ್ದೀನಿ, ನೆಲ ಚೆನ್ನಾಗಿದೆ’ ಅಂದಳಂತೆ. ಆದ್ರೆ ಒಂದು ಷರತ್ತು. ಪೆಡಲು ಜಾರಲಿಲ್ಲ, ನಾನೇ ಬ್ರೇಕನ್ನ ತಡವಾಗಿ ಒತ್ತಿದೆ ಅಂತ ನೀನು ಬರೆದು ಸಹಿ ಹಾಕಬೇಕು. ಕಡತದಲ್ಲಿ ಇಟ್ಕೊಳ್ತಾರೆ.”

“ಬರವಣಿಗೇಲಾ?”

“ಬರವಣಿಗೇಲಿ.”

ಜೀನೋ ಆ ದಿನ ಬರೆಯಲಿಲ್ಲ. ಮಂಗಳವಾರ ಒಂದು ಬರೆದ. ‘ಸದರಿ ಸಂದರ್ಭದಲ್ಲಿ ಬ್ರೇಕು ತಡವಾಗಿ ಒತ್ತಲ್ಪಟ್ಟಿತು.’

“ಯಾರು ಒತ್ತಿದ್ದು?” ಎಂದು ಲೀವೆ ಕೇಳಿದಳು.

“ಓದಿದವರಿಗೆ ಗೊತ್ತಾಗತ್ತೆ.”

“ಓದಿದವರಿಗೆ ಇಂಗೆಬೋರ್ ಒತ್ತಿದಳು ಅಂತಾನೂ ಗೊತ್ತಾಗಬಹುದು. ಇನ್ನೊಂದು ಬರಿ.”

ಎರಡನೆಯದರಲ್ಲಿ ‘ನಾನು’ ಬಂತು. ಜೊತೆಗೆ ಪರದೆಯ ಹೊಳಪು, ಅತಿಥಿಗಳ ಉಸಿರಾಟದ ಸದ್ದು, ಟಾರ್ಟಿನ ವಾಸನೆ ಇವೂ ಬಂದವು. ಮೂರನೆಯದರಲ್ಲಿ, ಆ ತಿರುವಿನಲ್ಲಿ ಪ್ರಪಂಚದ ಒಳ್ಳೊಳ್ಳೆಯ ಚಾಲಕರೇ ಎಡವುತ್ತಾರೆ ಎಂಬ ಒಂದು ಪುಟದ ಪೀಠಿಕೆ ಇತ್ತು. ಲೀವೆ ಪ್ರತಿ ಸಲ ಓದಿ, ಹಾಳೆಯ ಹಿಂಬದಿಯಲ್ಲಿ ತರಕಾರಿ ಪಟ್ಟಿ ಬರೆದುಕೊಂಡು, ಹೊಸ ಹಾಳೆ ಕೊಟ್ಟಳು. ಗುರುವಾರದ ಹೊತ್ತಿಗೆ ಅವನು ಸೋತುಹೋದ. ಬರೆದ: ‘ಪೆಡಲು ಜಾರಲಿಲ್ಲ. ನಾನು ಬ್ರೇಕನ್ನು ತಡವಾಗಿ ಒತ್ತಿದೆ. ಜೀನೋ ವೆರ್‌ಹೂಸ್ಟ್.’ ಸಹಿಯ ಕೆಳಗೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ: ‘ಕಿಟಕಿಯಿಂದ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು.’

ಲೀವೆ ಓದಿದಳು. ಎದ್ದು ಹೋಗಿ ಕತ್ತರಿ ತಂದಳು. ಕೆಳಗಿನ ಸಾಲನ್ನು, ಬಟ್ಟೆಯ ಅಂಚು ಕತ್ತರಿಸುವಷ್ಟು ನೇರವಾಗಿ ಕತ್ತರಿಸಿ, ಆ ಚೂರನ್ನು ಗಂಡನ ಕಾಫಿ ಬಟ್ಟಲಿನ ಪಕ್ಕ ಇಟ್ಟು, ಉಳಿದದ್ದನ್ನು ತೆಗೆದುಕೊಂಡು ಸೈಕಲ್ ಹತ್ತಿದಳು.

ಜುಲೈ ತಿಂಗಳಿಡೀ ಜೀನೋ ಆಶ್ರಮದಲ್ಲಿ ಕಾಂಕ್ರೀಟ್ ಉಜ್ಜಿದ. ಅವನ ಕೈಕೆಲಸದ ಬಗ್ಗೆ ಯಾರೂ ಎರಡು ಮಾತಾಡುವ ಹಾಗಿರಲಿಲ್ಲ. ಆ ವಿದ್ಯೆ ಅವನಿಗೆ ಬರುತ್ತಿತ್ತು. ಆದರೆ ಆ ಕಾಗದ ಕಡತದಲ್ಲಿ ಎಷ್ಟು ಭದ್ರವಾಗಿತ್ತೋ, ಅದರ ಒಕ್ಕಣೆ ಊರಲ್ಲಿ ಅಷ್ಟೇ ಸಲೀಸಾಗಿ ಓಡಾಡಿತು. ಒಮೇರ್ ಅಜ್ಜ ಊರುಗೋಲೂರಿ ಹೊಸ ನೆಲ ದಾಟಿ ಬಂದು, ಜೀನೋ ಎದುರು ಥಟ್ಟನೆ ನಿಂತು, “ನೋಡಪ್ಪಾ, ನಾನು ಹೊತ್ತಿಗೆ ಸರಿಯಾಗಿ ಬ್ರೇಕ್ ಹಾಕ್ದೆ” ಎಂದರು. ಊಟದ ಹಾಲಿನಲ್ಲಿ ಮೂವತ್ತು ಮುದುಕರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಅವನು ಬುಧವಾರದ ಓಟ ಬಿಡಲಿಲ್ಲ. ಬಿಟ್ಟರೆ ಸೋಲೊಪ್ಪಿದ ಹಾಗಾಗುತ್ತದೆ ಎಂದುಕೊಂಡ. ಈಗ ಪೆಡಲಿಗೆ ಪಟ್ಟಿ ಬಿಗಿದಿತ್ತು, ಬಾಯಿಗೂ ಬಿಗಿದ ಹಾಗಿತ್ತು. ಕೂಗಲು ಏನೂ ಉಳಿದಿರಲಿಲ್ಲವಾದ್ದರಿಂದ ಮೊದಲ ಸಲ ಉಳಿದವರ ಮಾತು ಕೇಳಿಸತೊಡಗಿತು. ಮೂರನೇ ವಾರ ಮೊದಲ ತಿರುವಿಗೆ ಬರುವಾಗ ಯೋಲಾಂದಾ ಹೆಡ್‌ಫೋನಿನಲ್ಲಿ ಬೇಸರದಿಂದ ಹೇಳಿದಳು: “ಎಡಗಡೆ, ತಿರುವಿಗೆ ನೂರು ಮೀಟರ್ ಅಂತ ಬರೆದಿರೋ ಹಲಗೆ ಇದೆ ಜೀನೋ. ಮೊದಲ ದಿನದಿಂದ ಅಲ್ಲೇ ಇದೆ. ಅದರ ಹತ್ರ ಒತ್ತು, ಆಮೇಲಲ್ಲ.”

ಜೀನೋ ಆ ಹಲಗೆಯನ್ನು ಅದುವರೆಗೆ ನೋಡಿಯೇ ಇರಲಿಲ್ಲ. ಒತ್ತಿದ. ಕಾರು ನಿಧಾನಿಸಿತು, ತಿರುಗಿತು, ಮುಂದೆ ಹೋಯಿತು. ಕುರ್ತ್‌ನ ಹಿಟ್ಟು ಆ ದಿನ ಉಕ್ಕಿರಲಿಲ್ಲ. ಆದರೂ ಜೀನೋ ಏಳನೆಯವನಾಗಿ ಬಂದ.

ಮರುದಿನ ಪಕ್ಕದ ಊರಿನಿಂದ ಗಂಡಹೆಂಡಿರಿಬ್ಬರು ನೆಲ ನೋಡಲು ಬಂದರು. ಲೀವೆ ಕಾಫಿ ಕೊಟ್ಟು, ಮೇಜಿನ ಹತ್ತಿರ ಕೂತು ಅಳತೆ ಬರೆದುಕೊಳ್ಳುತ್ತಿದ್ದಳು. ಜೀನೋ ಷೂ ಉಜ್ಜಿ ತೋರಿಸಿದ. ಆಮೇಲೆ ಗಂಡಸನ್ನು ಪರದೆಯ ಬಳಿ ಕರೆದೊಯ್ದು, ಪೆಡಲಿನ ಮೇಲೆ ಕೈಯಿಟ್ಟು, ದನಿ ತಗ್ಗಿಸಿ ಹೇಳಿದ:

“ನಾನು ರೇಸ್ ಓಡಿಸೋನು ಸ್ವಾಮಿ. ಒಂದು ಮಾತು ಹೇಳ್ತೀನಿ, ಬೇರೆಯವರಿಗೆ ಹೇಳಬೇಡಿ. ನನ್ನ ವೇಗದ ಗುಟ್ಟೆಲ್ಲ ಇರೋದು ಈ ನೆಲದಲ್ಲೇ.”

ಲೀವೆ ತಲೆಯೆತ್ತಲಿಲ್ಲ. “ಅಡುಗೆಮನೆ ಎಷ್ಟು ಅಗಲ ಅಂದ್ರಿ ಮದಾಂ?” ಎಂದು ಕೇಳಿ, ಹೇಳಿದ್ದನ್ನು ಬರೆದುಕೊಂಡಳು.